ಕರದಂಟಿನ ಡಬ್ಬಿ: ಬಾಣಂತಿ ಕೋಣೆಯಿಂದ ಬಸ್ ಸ್ಟ್ಯಾಂಡಿನವರೆಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಿನಲ್ಲಿ ಕೂತಿರೋರಿಗೆ, ರೂಮಿನಲ್ಲಿ ಅನ್ನಕ್ಕಿಟ್ಟು ಕುಕ್ಕರ್ ಸೀಟಿ ಎಣಿಸ್ತಾ ಇರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತು ನಾವು ರಾಜರ ಕಥೆ ಹೇಳೋದಿಲ್ಲ. ಯುದ್ಧದ ಕಥೆಯೂ ಅಲ್ಲ. ಇವತ್ತಿನದು ಒಂದು ಡಬ್ಬಿಯ ಇತಿಹಾಸ. ಬಾಗಲಕೋಟೆಯಿಂದ ಹುನಗುಂದದ ಕಡೆ ಹೊರಟ್ರೆ ದಾರಿಯಲ್ಲಿ ಒಂದು ಊರು ಸಿಗುತ್ತೆ, ಅಮೀನಗಡ. ಆ ಕಡೆಯವರು ಯಾರಾದ್ರೂ ನಿಮ್ಮ ಆಫೀಸಿಗೆ, ಹಾಸ್ಟೆಲಿಗೆ ರಜೆ ಮುಗಿಸಿ ವಾಪಸ್ ಬಂದ್ರೆ, ಬ್ಯಾಗಿನಿಂದ ಏನು ಹೊರಗೆ ಬರುತ್ತೆ ಅಂತ ನಿಮಗೆ ಗೊತ್ತು. ಕಂದುಬಣ್ಣದ, ಅಂಟಂಟಾದ, ಗೋಡಂಬಿ-ಬಾದಾಮಿ ಇಣುಕುವ ತುಂಡುಗಳು. ಕರದಂಟು.

ಕೇಳೋಕೆ ಸುಲಭದ ಪ್ರಶ್ನೆ: ಇದು ಉಡುಗೊರೆ ಹೇಗಾಯ್ತು? ಯಾಕಂದ್ರೆ ಇದರ ಮೂಲ ರೂಪವನ್ನು ಮನೆಯಲ್ಲಿ ಎಲ್ಲರಿಗೂ ಅಂತ ಮಾಡ್ತಾ ಇರಲಿಲ್ಲ. ಮನೆಯಲ್ಲಿ ಒಬ್ಬಳಿಗೋಸ್ಕರ ಮಾಡ್ತಿದ್ರು. ಆ ಒಬ್ಬಳ ಡಬ್ಬಿ ಎಲ್ಲರ ಡಬ್ಬಿ ಆದ ದಾರಿಯಲ್ಲಿ ನಾವು ಗಳಿಸಿದ್ದೂ ಇದೆ, ಕಳೆದುಕೊಂಡದ್ದೂ ಇದೆ. ಅದೇ ಇವತ್ತಿನ ಮಾತು.

ಹೆಸರಿನಲ್ಲೇ ಅಡುಗೆ ಇದೆ

ಮೊದಲು ಹೆಸರು. ಕರದಂಟು ಅಂದ್ರೆ ಕರಿದ ಅಂಟು. ಅಷ್ಟೇ. 'ಕರಿದ' ಅನ್ನೋದು ನಮ್ಮ ಕಡೆ ಬಾಯಲ್ಲಿ 'ಕರದ' ಆಗಿದೆ. ಅಂಟು ಅಂದ್ರೆ ಜಾಲಿಯಂಥ ಒಣನಾಡಿನ ಮರಗಳ ತೊಗಟೆಯಿಂದ ಒಸರಿ, ಬಿಸಿಲಿಗೆ ಗಟ್ಟಿಯಾಗುವ ಗೋಂದು. ನೋಡೋಕೆ ಒಡೆದ ಗಾಜಿನ ಚೂರಿನ ಹಾಗೆ ಇರುತ್ತೆ.

ಅದನ್ನ ಕಾದ ತುಪ್ಪಕ್ಕೆ ಹಾಕಿದ್ರೆ ಏನಾಗುತ್ತೆ? ಅರಳುತ್ತೆ. ಒಳಗಿದ್ದ ಒಂಚೂರು ನೀರಿನಂಶ ಹಬೆಯಾಗಿ, ಪಾಪ್‌ಕಾರ್ನ್ ಹಾಗೆ ಉಬ್ಬಿ ಬೆಳ್ಳಗಾಗುತ್ತೆ. ತುಪ್ಪ ಸರಿಯಾಗಿ ಕಾದಿರದಿದ್ರೆ ಮೇಲೆ ಮಾತ್ರ ಉಬ್ಬಿ, ಒಳಗೆ ಕಲ್ಲಿನ ಹಾಗೆ ಉಳಿದು ಹಲ್ಲಿಗೆ ಹತ್ತಿಕೊಳ್ಳುತ್ತೆ. ಅದಕ್ಕೇ ಸ್ವಲ್ಪ ಸ್ವಲ್ಪವೇ ಹಾಕಿ ಕರೀಬೇಕು. ಆಮೇಲೆ ಬೆಲ್ಲದ ಪಾಕ. ಒಂದು ಹನಿ ತಣ್ಣೀರಿಗೆ ಬಿಟ್ಟರೆ ಕರಗದೆ ಬೆರಳಲ್ಲಿ ಮೆತ್ತನೆ ಉಂಡೆ ಆಗಬೇಕು. ಅದಕ್ಕೆ ಒಣಕೊಬ್ಬರಿ ತುರಿ, ಸಣ್ಣಗೆ ಹೆಚ್ಚಿದ ಉತ್ತತ್ತಿ, ಯಾಲಕ್ಕಿ, ಜಾಜಿಕಾಯಿ, ಇದ್ದವರು ಗೋಡಂಬಿ-ಬಾದಾಮಿ. ಕೊನೆಗೆ ಕರಿದ ಅಂಟು. ಕೈಯಲ್ಲಿ ಕಟ್ಟಿದ್ರೆ ಅಂಟಿನುಂಡಿ. ತಟ್ಟೆಗೆ ಸುರಿದು ಕತ್ತರಿಸಿದ್ರೆ ಕರದಂಟು. ಮನೆಯ ಅಂಟಿನುಂಡಿಗೂ ಅಂಗಡಿಯ ಕರದಂಟಿಗೂ ಇರೋದು ಅಣ್ಣ-ತಮ್ಮಂದಿರ ಸಂಬಂಧ.

ಜೋಳದ ನಾಡಿನಲ್ಲಿ ಅಕ್ಕಿ ಉಡುಗೊರೆ

ಈಗ ಒಂದು ಹೆಜ್ಜೆ ಹಿಂದೆ ಹೋಗೋಣ. ಕರದಂಟು ಅರ್ಥ ಆಗಬೇಕಂದ್ರೆ ಈ ನೆಲದ ದಿನದ ಊಟ ಗೊತ್ತಿರಬೇಕು.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು. ಇದು ಮಳೆ ಕಡಿಮೆ ಇರೋ ಸೀಮೆ. ಬಿಳಿಜೋಳ, ಸಜ್ಜೆ, ಕಡಲೆ, ಅಗಸಿ, ಗುರೆಳ್ಳು ಇಲ್ಲಿನ ಬೆಳೆ. ಹಾಗಾಗಿ ಊಟವೂ ಸರಳ. ರೊಟ್ಟಿ, ಒಂದು ಪಲ್ಯ, ಒಂದು ಹಿಂಡಿ, ಮೊಸರು, ಉಳ್ಳಾಗಡ್ಡಿ. 1876ರಿಂದ 78ರವರೆಗಿನ ದೊಡ್ಡ ಬರ ಈ ಭಾಗವನ್ನ ಹಿಂಡಿ ಹಿಪ್ಪೆ ಮಾಡಿತ್ತು. ಇಂಥ ಬರಗಾಲದ ಸೀಮೆಯಲ್ಲಿ ಒಳ್ಳೆ ಅಡುಗೆ ಅಂದ್ರೆ ಕೆಡದೇ ಇರೋ ಅಡುಗೆ. ಕಟಕ್ ರೊಟ್ಟಿ ವಾರಗಟ್ಟಲೆ ಇರುತ್ತೆ. ಶೇಂಗಾ ಹಿಂಡಿ, ಅಗಸಿ ಹಿಂಡಿ ಇರುತ್ತೆ. ಯಾವುದನ್ನ ಬುತ್ತಿ ಕಟ್ಟಿ ದಾರಿಗೆ ಕೊಡಬಹುದೋ ಅದೇ ಮರ್ಯಾದೆಯ ತಿನಿಸು.

ಈಗ ಇದಕ್ಕೆ ಎದುರಾಗಿ ಉಡಿಯನ್ನ ನೋಡಿ. ಉಡಿ ತುಂಬೋದು ಅಂದ್ರೆ, ಮನೆಗೆ ಬಂದ ಹೆಣ್ಣುಮಗಳು ಹೊರಡುವಾಗ ಅವಳ ಸೆರಗಿಗೆ ಶುಭದ ಸಾಮಾನು ಹಾಕಿ ಕಳಿಸೋದು. ಏನೇನು ಹಾಕ್ತಾರೆ? ಅಕ್ಕಿ. ಕೊಬ್ಬರಿ ಬಟ್ಟಲು. ಉತ್ತತ್ತಿ. ಅಡಿಕೆ. ಅರಿಷಿಣ ಬೇರು. ಬೆಲ್ಲ. ಒಂದು ಖಣ. ಎಣಿಸಿ ಐದೈದು.

ಗಮನಿಸಿದ್ರಾ? ಜೋಳದ ನಾಡಿನಲ್ಲಿ ಅಕ್ಕಿ. ತೆಂಗಿನ ತೋಟ ಕಡಿಮೆ ಇರೋ ಕಡೆ ಕೊಬ್ಬರಿ. ಖರ್ಜೂರದ ಮರವೇ ಇಲ್ಲದ ಕಡೆ ಉತ್ತತ್ತಿ. ಉಡಿಯಲ್ಲಿ ಇರೋದು ಬಹುಪಾಲು ಈ ಹೊಲದಲ್ಲಿ ಬೆಳೆಯದ ಸಾಮಾನು. ದುಡ್ಡು ಕೊಟ್ಟು, ಸಂತೆಗೆ ಹೋಗಿ, ಎತ್ತಿಟ್ಟು ತಂದದ್ದು. ದಿನಾ ತಿನ್ನೋದು ನಮ್ಮ ಹೊಲದ್ದು, ನಿನಗೆ ಕೊಡೋದು ದೂರದಿಂದ ತಂದದ್ದು ಅನ್ನೋ ಮಾತು ಅದರಲ್ಲಿದೆ.

ದೂರ ಅಂದ್ರೆ ಎಷ್ಟು ದೂರ? ಇಲ್ಲಿ ಒಂದು ಚಂದದ ಕಥೆ ಇದೆ. ಅಮೀನಗಡದ ನೆರೆಯಲ್ಲೇ ಐಹೊಳೆ. ನಾವೆಲ್ಲ ಅಲ್ಲಿಗೆ ದೇವಸ್ಥಾನ ನೋಡೋಕೆ ಹೋಗ್ತೀವಿ, ರೀಲ್ಸ್ ಮಾಡ್ತೀವಿ. ಆದ್ರೆ ಆ ಊರಿನ ಹೆಸರು ಹೊತ್ತ ಒಂದು ದೊಡ್ಡ ವ್ಯಾಪಾರಿ ಸಂಘ ಇತ್ತು, ಅಯ್ಯಾವೊಳೆ ಐನೂರ್ವರು. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಇವರ ಹೊಗಳಿಕೆ ಸಿಗುತ್ತೆ. ಆನೆ, ಕುದುರೆ, ಮುತ್ತು-ರತ್ನ, ಯಾಲಕ್ಕಿ, ಲವಂಗ, ಕರ್ಪೂರ ಮಾರುತ್ತಾ ದೇಶ ದೇಶ ತಿರುಗಿದವರು. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಬರೂಸ್ ಹತ್ತಿರ 1088ನೇ ಇಸವಿಯ ಒಂದು ತಮಿಳು ಶಾಸನ ಸಿಕ್ಕಿದೆ. ಅದರಲ್ಲೂ ಈ ಐನೂರ್ವರ ಸಂಘದ ಹೆಸರಿದೆ. ಹುನಗುಂದ ತಾಲ್ಲೂಕಿನ ಒಂದು ಊರಿನ ಹೆಸರು ಸಮುದ್ರ ದಾಟಿ ಹೋಗಿತ್ತು ಅಂದಾಗ, ನಮ್ಮ ಅಡುಗೆಮನೆಗೆ ಯಾಲಕ್ಕಿ, ಜಾಜಿಕಾಯಿ ಬಂದದ್ದು ಆಶ್ಚರ್ಯ ಅಲ್ಲ.

ಗೋಡಂಬಿ ಬಂದದ್ದು ಇನ್ನೂ ಆಮೇಲೆ. ಅದು ಬ್ರೆಜಿಲ್ ಕಡೆಯ ಗಿಡ. ಪೋರ್ಚುಗೀಸರು 16ನೇ ಶತಮಾನದಲ್ಲಿ ಗೋವಾ ಕರಾವಳಿಗೆ ತಂದರು. ಶೇಂಗಾ ಕೂಡ ದಕ್ಷಿಣ ಅಮೆರಿಕದ್ದೇ. ಇವತ್ತು ನಾವು ತಿನ್ನೋ ಬಾದಾಮಿಯಲ್ಲಿ ದೊಡ್ಡ ಪಾಲು ಕ್ಯಾಲಿಫೋರ್ನಿಯಾದಿಂದ ಬರುತ್ತೆ. ಹಾಗಾಗಿ ಯಾರಾದ್ರೂ "ಇದು ಅಪ್ಪಟ ನಮ್ಮೂರಿನ ತಿನಿಸು" ಅಂದ್ರೆ ನಗಬೇಡಿ, ಜಗಳಾನೂ ಮಾಡಬೇಡಿ. ಬೆಲ್ಲ, ತುಪ್ಪ, ಅಂಟು ಈ ನೆಲದ್ದು. ಉಳಿದದ್ದು ಬೇರೆ ಬೇರೆ ಕಡೆಯದ್ದು. ಎಲ್ಲಾ ಸೇರಿಸಿದ ಕೈ ಮಾತ್ರ ಪೂರ್ತಿ ಇಲ್ಲಿಯದು.

ಒಬ್ಬಳ ಡಬ್ಬಿ

ಈಗ ಉಡಿಯ ಪಟ್ಟಿಯನ್ನ ಇನ್ನೊಮ್ಮೆ ನೆನಪು ಮಾಡ್ಕೊಳ್ಳಿ. ಕೊಬ್ಬರಿ, ಉತ್ತತ್ತಿ, ಬೆಲ್ಲ. ಅಂಟಿನುಂಡಿಯ ಪಟ್ಟಿ? ಕೊಬ್ಬರಿ, ಉತ್ತತ್ತಿ, ಬೆಲ್ಲ. ಮೇಲೆ ತುಪ್ಪ ಮತ್ತು ಅಂಟು. ಎರಡೂ ಒಂದೇ ಮನೆಯ ಮಾತು. ಉಡಿಯನ್ನ ಪಾಕಕ್ಕೆ ಹಾಕಿ ಕಟ್ಟಿದ್ರೆ ಅಂಟಿನುಂಡಿ ಅಂತ ನಾನು ಹೇಳ್ತೀನಿ. ಇದು ನನ್ನ ಓದು, ನೀವು ನಿಮ್ಮ ಮನೆಯ ಹಿರಿಯರ ಹತ್ರ ಕೇಳಿ ನೋಡಿ.

ಯಾರಿಗಾಗಿ ಕಟ್ಟುತ್ತಿದ್ರು? ಬಾಣಂತಿಗೆ. ಚೊಚ್ಚಲ ಹೆರಿಗೆ ತವರುಮನೆಯಲ್ಲಿ. ಕುಬಸ ಮಾಡಿ, ಹಸಿರು ಬಳೆ ಇಡಿಸಿ ಮಗಳನ್ನ ಕರ್ಕೊಂಡು ಬರ್ತಾರೆ. ಹೆರಿಗೆ ಆದ ಮೇಲೆ ಅಳವಿ ಪಾಯಸ, ಕೊಬ್ಬರಿ ಖಾರ, ಅಂಟಿನುಂಡಿ. ಅಂಟು ತಿಂದ್ರೆ ಬೆನ್ನು ಗಟ್ಟಿ ಆಗುತ್ತೆ ಅನ್ನೋದು ಹಿರಿಯರ ನಂಬಿಕೆ. ಗರಡಿಮನೆಯ ಪೈಲ್ವಾನರ ಖುರಾಕಿನಲ್ಲೂ ಅಂಟು, ತುಪ್ಪ, ಬಾದಾಮಿ ಇದ್ದದ್ದು ಇದೇ ನಂಬಿಕೆಯಿಂದ. ವಿಜ್ಞಾನದ ಮಾತು ಬಿಡಿ, ಒಂದಂತೂ ನಿಜ. ತುಪ್ಪ, ಬೆಲ್ಲ, ಕೊಬ್ಬರಿ ಒಂದೇ ತುತ್ತಿನಲ್ಲಿ ಇದ್ರೆ ಸುಸ್ತಾದ ದೇಹಕ್ಕೆ ಅದು ಒಳ್ಳೇ ಶಕ್ತಿ.

ಆದ್ರೆ ನಾನು ಹೇಳಬೇಕಂತಿರೋದು ಬೇರೆ. ದೊಡ್ಡ ಕುಟುಂಬ. ಗಂಡಸರು ಮೊದಲು ಉಣ್ಣಬೇಕು, ಮಕ್ಕಳು ಆಮೇಲೆ, ಅತ್ತೆ ಆಮೇಲೆ. ಸೊಸೆ ಕಡೀಗೆ. ಪಾತ್ರೆಯಲ್ಲಿ ಏನು ಉಳಿದಿದೆಯೋ ಅದು. ತುಪ್ಪ ಅವಳ ತಾಟಿಗೆ ಬರೋ ಹೊತ್ತಿಗೆ ಮುಗಿದಿರುತ್ತೆ. ಅಂಥ ಮನೆಗೆ ಮಗಳು ಕೂಸು ಎತ್ತಿಕೊಂಡು ವಾಪಸ್ ಹೋಗುವಾಗ ಅವ್ವ ಒಂದು ಡಬ್ಬಿ ಕೈಗೆ ಕೊಡ್ತಾಳೆ. "ಇದು ನಿನಗಷ್ಟೇ ಅದ. ಬಾಣಂತಿ ಔಷಧ. ದಿನಾ ಮುಂಜಾನೆ ಒಂದು ತಿನ್ನು" ಅಂತ.

ಔಷಧ ಅಂದ ಕೂಡಲೇ ಏನಾಯ್ತು? ಬೇರೆ ಯಾರೂ ಕೈ ಹಾಕೋ ಹಾಗಿಲ್ಲ. ಸಿಹಿ ಅಂದಿದ್ರೆ ಮನೆಮಂದಿಗೆಲ್ಲ ಹಂಚಬೇಕಿತ್ತು. ಔಷಧ ಅಂದ್ರೆ ಅದು ಅವಳದ್ದು. ಗಂಡನ ಮನೆಯಲ್ಲಿ ಅವಳೊಬ್ಬಳಿಗೇ ಸೇರಿದ ಒಂದು ಡಬ್ಬಿ ತುಪ್ಪ-ಬೆಲ್ಲ. ನನಗೆ ಇದು ಅಡುಗೆಗಿಂತ ಹೆಚ್ಚಾಗಿ ಜಾಣತನ ಅನ್ನಿಸುತ್ತೆ. ಅತ್ತೆಯ ಜೊತೆ ಒಂದು ಮಾತೂ ಜಗಳ ಆಡದೇ ತಾಯಿ ತನ್ನ ಮಗಳ ತಾಟಿನ ಪಾಲು ಗೆದ್ದುಕೊಂಡಿದ್ದಾಳೆ.

ನಮ್ಮಲ್ಲಿ ಅಡುಗೆಯ ಬಗ್ಗೆ ಬರೆದವರು ಹಳಬರೇ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ, ಬಾವಿ ತೋಡೋದು, ದನದ ರೋಗ, ತೋಟಗಾರಿಕೆ ಜೊತೆಗೆ ಅಡುಗೆಯೂ ಇದೆ. 12ನೇ ಶತಮಾನದಲ್ಲಿ ಕಲ್ಯಾಣದ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಅರಮನೆ ಊಟದ ದೊಡ್ಡ ವಿವರ ಇದೆ. ಅವು ಪಂಡಿತರ, ರಾಜರ ಪುಸ್ತಕ. ಬಾಣಂತಿ ಕೋಣೆಯ ಪಾಕ ಮಾತ್ರ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ದಾಟಿ ಬಂತು. ಅದರ ಲೇಖಕಿಯರಿಗೆ ಹೆಸರಿಲ್ಲ.

ಅಂಗಡಿಗೆ ಬಂದ ಅಂಟು

ಹಾಗಾದ್ರೆ ಇದು ಬೀದಿಗೆ ಯಾವಾಗ ಬಂತು? ಅಮೀನಗಡದ ವಿಜಯಾ ಕರದಂಟು ತನ್ನ ಆರಂಭದ ವರ್ಷ 1907 ಅಂತ ಡಬ್ಬಿಯ ಮೇಲೆ ಹಾಕಿಕೊಳ್ಳುತ್ತೆ. ಆಗ ಈ ಭಾಗ ಮುಂಬೈ ಪ್ರಾಂತದ ಬಿಜಾಪುರ ಜಿಲ್ಲೆ. ಬಾಗಲಕೋಟೆ ಬೇರೆ ಜಿಲ್ಲೆ ಆಗೋದು ತೊಂಬತ್ತು ವರ್ಷ ಆದ ಮೇಲೆ, 1997ರಲ್ಲಿ.

ಆ ಹೊತ್ತಿಗೆ ಏನೇನು ಬದಲಾಗಿತ್ತು ನೋಡಿ. 1884ರಲ್ಲಿ ಹೊಟಗಿ–ಗದಗ ರೈಲು ಬಾಗಲಕೋಟೆ ಮೇಲೆ ಹಾಯ್ದು ಓಡೋಕೆ ಶುರುವಾಗಿತ್ತು. ದೂರದ ಸಾಮಾನು ಹತ್ತಿರ ಬರೋದು ಸುಲಭ ಆಯ್ತು. ಅಮೀನಗಡದ ದನ-ಕುರಿ ಸಂತೆ ಮೊದಲಿಂದಲೂ ಹೆಸರುವಾಸಿ. ಸಂತೆಗೆ ಬಂದವರು ಬರಿಗೈಲೆ ಮನೆಗೆ ಹೋಗೋ ಹಾಗಿಲ್ಲ. ಕುರಿ ಮಾರಿದ ದುಡ್ಡು ಜೇಬಿನಲ್ಲಿ ಇರುತ್ತೆ, ಮನೆಯಲ್ಲಿ ಮಕ್ಕಳು ಕಾಯ್ತಾ ಇರ್ತಾರೆ. ಇಂಥ ಊರಿನಲ್ಲಿ ಎಂಟು ದಿನ ಆದ್ರೂ ಕೆಡದ, ಕಟ್ಟಿಕೊಂಡು ಹೋಗಬಹುದಾದ ಸಿಹಿ ಮಾರಾಟ ಆಗದೇ ಇರುತ್ತಾ?

ಆಮೇಲೆ ಬಸ್ಸು ಬಂತು. ಐಹೊಳೆ-ಪಟ್ಟದಕಲ್ಲು-ಬಾದಾಮಿ ನೋಡೋಕೆ ಪ್ರವಾಸಿಗರು ಬಂದ್ರು. ಕೂಡಲಸಂಗಮಕ್ಕೆ ಹೋಗೋ ಭಕ್ತರು ಬಂದ್ರು. ಇಳಕಲ್ ಸೀರೆ, ಗುಳೇದಗುಡ್ಡದ ಖಣ ಕೊಳ್ಳೋಕೆ ಬಂದವರು ದಾರಿಯಲ್ಲಿ ಒಂದು ಡಬ್ಬಿ ಕರದಂಟನ್ನೂ ಹಿಡ್ಕೊಂಡು ಹೋದ್ರು. ಇತ್ತ ಬೆಳಗಾವಿ ಜಿಲ್ಲೆಯ ಗೋಕಾಕವೂ ತನ್ನ ಕರದಂಟಿಗೆ ಹೆಸರು ಮಾಡಿತು. ಯಾವುದು ಹೆಚ್ಚು ರುಚಿ ಅನ್ನೋ ಚರ್ಚೆಗೆ ನಾನು ಇಳಿಯೋದಿಲ್ಲ. ಎರಡೂ ಊರಿನಲ್ಲಿ ನನಗೆ ಕೇಳುಗರಿದ್ದಾರೆ.

ಗಳಿಸಿದ್ದು, ಕಳೆದದ್ದು

ಈಗ ಸ್ವಲ್ಪ ಗಂಭೀರ ಮಾತು.

ಹಳೇ ಉಡುಗೊರೆ ಚಂದ ಇತ್ತು, ಈಗಿನದು ಬರೀ ವ್ಯಾಪಾರ ಅಂತ ಹೇಳಿ ಸಂಚಿಕೆ ಮುಗಿಸೋದು ಸುಲಭ. ಆದ್ರೆ ಅದು ಪೂರ್ತಿ ಸತ್ಯ ಅಲ್ಲ. ಉಡಿ ಯಾರಿಗೆ ತುಂಬ್ತಿದ್ರು? ಮುತ್ತೈದೆಗೆ. ಗಂಡ ತೀರಿಹೋದ ಅಕ್ಕ, ಅತ್ತೆ, ಅಜ್ಜಿ ಅದೇ ಮನೆಯಲ್ಲಿ ಬೆಳಗಿನಿಂದ ಅಡುಗೆ ಮಾಡಿರ್ತಾರೆ. ಉಡಿ ತುಂಬೋ ಹೊತ್ತಿಗೆ ಮಾತ್ರ ಒಳಗೆ ಸರಿದು ನಿಲ್ಲಬೇಕು. ಅಂಟಿನುಂಡಿ ಯಾರಿಗೆ? ಹೆತ್ತವಳಿಗೆ. ಮಕ್ಕಳಾಗದವಳ ಹೆಸರಿನಲ್ಲಿ ಆ ಮನೆಯಲ್ಲಿ ಯಾವ ಡಬ್ಬಿಯೂ ತುಂಬಲಿಲ್ಲ. ಬೇಯಿಸಿದ ಅನ್ನ ಯಾರ ಮನೆಯಿಂದ ಯಾರ ಮನೆಗೆ ಹೋಗಬಹುದು ಅನ್ನೋದನ್ನ ಜಾತಿ ತೀರ್ಮಾನ ಮಾಡ್ತಿತ್ತು. ಪ್ರೀತಿಯ ಉಡುಗೊರೆಯೇ ಯಾರು ಒಳಗೆ, ಯಾರು ಹೊರಗೆ ಅಂತ ಗೆರೆ ಎಳೀತಿತ್ತು.

ಅಂಗಡಿಯ ಡಬ್ಬಿ ಈ ಗೆರೆ ಅಳಿಸಿತು. ದುಡ್ಡು ಕೊಟ್ಟವರಿಗೆ ಕರದಂಟು. ಅದನ್ನ ವಿಧವೆಯಾದ ಅತ್ತೆಗೂ ಕೊಡಬಹುದು, ಮದುವೆಯೇ ಆಗದ ಮೇಷ್ಟ್ರಿಗೂ ಕೊಡಬಹುದು, ಆಫೀಸಿನ ಸೆಕ್ಯುರಿಟಿ ಅಣ್ಣನಿಗೂ ಕೊಡಬಹುದು. ಇದು ಸಣ್ಣ ಗಳಿಕೆ ಅಲ್ಲ.

ಇನ್ನು ಕಳೆದದ್ದು. 1925ರಲ್ಲಿ ಮಾರ್ಸೆಲ್ ಮೋಸ್ ಅನ್ನೋ ಫ್ರೆಂಚ್ ಪಂಡಿತ ಉಡುಗೊರೆಯ ಬಗ್ಗೆ ಒಂದು ಪ್ರಸಿದ್ಧ ಪ್ರಬಂಧ ಬರೆದ. ಅವನ ಮಾತಿನ ಸಾರ ಇಷ್ಟು: ಕೊಡಬೇಕು, ತಗೊಳ್ಳಬೇಕು, ತಿರುಗಿ ಕೊಡಬೇಕು. ಈ ಮೂರೂ ಕಡ್ಡಾಯ, ಅದರಿಂದಲೇ ಸಂಬಂಧ ನಿಲ್ಲೋದು. ನಮ್ಮವರಿಗೆ ಇದನ್ನ ಪ್ಯಾರಿಸ್‌ನಿಂದ ಕಲೀಬೇಕಾಗಿರಲಿಲ್ಲ. ಮದುವೆಯಲ್ಲಿ ಬಂದ ಮುಯ್ಯಿಯನ್ನ ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಕಾರ್ಯಕ್ಕೆ ತಿರುಗಿಸ್ತಿದ್ರು. ಪಕ್ಕದ ಮನೆಯಿಂದ ಪಲ್ಯ ಬಂದ ಬಟ್ಟಲನ್ನ ಖಾಲಿ ಕಳಿಸೋ ಹಾಗಿರಲಿಲ್ಲ. ಏನೂ ಇಲ್ಲದಿದ್ರೆ ಒಂದು ಚೂರು ಬೆಲ್ಲ ಆದ್ರೂ ಇಟ್ಟು ಕಳಿಸಬೇಕು.

ಇದರ ಅತಿ ಸರಳ ರೂಪ ನೋಡಬೇಕಂದ್ರೆ ಪಂಚಮಿ ಹಬ್ಬದ ಹಿಂದಿನ ದಿನದ ರೊಟ್ಟಿ ಹಬ್ಬ ನೋಡಿ. ಸಜ್ಜಿ ರೊಟ್ಟಿ, ಜೋಳದ ರೊಟ್ಟಿ, ಎಣ್ಣಿಗಾಯಿ ಪಲ್ಯ, ಕಾಳಿನ ಪಲ್ಯ, ಹಿಂಡಿ. ನಿನ್ನೆ ತಿಂದ ಅದೇ ಊಟ. ಆದ್ರೆ ಅವತ್ತು ಒಂದು ಮನೆಯ ರೊಟ್ಟಿ ಇನ್ನೊಂದು ಮನೆಗೆ ಹೋಗುತ್ತೆ, ಅವರದ್ದು ಇವರ ಮನೆಗೆ ಬರುತ್ತೆ. ಎರಡೂ ಮನೆಯಲ್ಲಿ ರೊಟ್ಟಿ ಇದ್ದೇ ಇದೆ. ಮತ್ಯಾಕೆ ಅದಲು ಬದಲು? ಹೊಟ್ಟೆಗಲ್ಲ. ನಿನ್ನ ಕೈರುಚಿ ನನಗೆ ಗೊತ್ತು, ನನ್ನದು ನಿನಗೆ ಗೊತ್ತು ಅನ್ನೋದಕ್ಕೆ. ಮರುದಿನ ಉಂಡಿಗಳ ಸರದಿ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಅಳ್ಳಿಟ್ಟು, ಬೇಸನ್ ಉಂಡಿ. ಅಣ್ಣ ಹೋಗಿ ತಂಗಿಯನ್ನ ಕರ್ಕೊಂಡು ಬರ್ತಾನೆ, ಜೋಕಾಲಿ ಕಟ್ಟುತ್ತಾರೆ. ಹೋಗುವಾಗ ಅವಳ ಕೈಯಲ್ಲಿ ಮತ್ತೆ ಡಬ್ಬಿ.

ಎಳ್ಳ ಅಮಾವಾಸ್ಯೆಯ ಚರಗವೂ ಹೀಗೇ. ಹೊಲದಲ್ಲಿ ಊಟ, ಬೀಗರು ನೆಂಟರು ಗೆಳೆಯರು ಎಲ್ಲರಿಗೂ ಕರೆ. ಹಾಲ್ ಬುಕ್ ಮಾಡೋದಿಲ್ಲ, ಡೆಕೋರೇಶನ್ ಇಲ್ಲ. ಗಿಡದ ನೆರಳು, ಬುತ್ತಿ, ಮೊದಲ ತುತ್ತು ಭೂಮಿಗೆ. ಆಮೇಲೆ ಬಂದವರಿಗೆ.

ಈ ಎಲ್ಲದರಲ್ಲೂ ಮಾಡುವವರಿಗೆ ತಿನ್ನುವವರು ಯಾರು ಅಂತ ಗೊತ್ತಿರ್ತಿತ್ತು. ಅವಳಿಗೆ ಜಾಜಿಕಾಯಿ ಹೆಚ್ಚು ಬೇಡ, ಅವನಿಗೆ ಬೆಲ್ಲ ಮುಂದಿರಲಿ, ಅಜ್ಜನಿಗೆ ಹಲ್ಲಿಲ್ಲ, ಮೆತ್ತಗೆ ಮಾಡು. ಅಂಗಡಿಯವರಿಗೆ ಇದು ಗೊತ್ತಿರೋದು ಸಾಧ್ಯ ಇಲ್ಲ, ಅದು ಅವರ ತಪ್ಪೂ ಅಲ್ಲ. ಆದ್ರೆ ಕೊಡುವವರಿಗೂ ಗೊತ್ತಿಲ್ಲದೇ ಹೋದ್ರೆ? ಆ್ಯಪ್ ತೆರೆದು, "ಗಿಫ್ಟ್ ಹ್ಯಾಂಪರ್" ಅಂತ ಹುಡುಕಿ, ಮೊದಲು ಬಂದದ್ದನ್ನ ಒತ್ತಿ ಕಳಿಸಿಬಿಟ್ರೆ? ಡಬ್ಬಿ ಮುಟ್ಟುತ್ತೆ, ಮಾತು ಮುಟ್ಟೋದಿಲ್ಲ.

ನಮ್ಮ ಕಾಲದ ಬುತ್ತಿ

ಈ ಸೀಮೆಯಿಂದ ದುಡಿಯೋಕೆ ಹೊರಗೆ ಹೋಗೋದು ಹೊಸದೇನಲ್ಲ. ಮಂಗಳೂರಿನ ಕಟ್ಟಡಗಳಲ್ಲಿ, ಗೋವಾದ ರಸ್ತೆಗಳಲ್ಲಿ, ಬೆಂಗಳೂರಿನ ಪಿಜಿಗಳಲ್ಲಿ ಬಾಗಲಕೋಟೆಯವರು ಇದ್ದಾರೆ. ಅವರ ಹಿಂದೆ ಹಿಂದೆ ರೊಟ್ಟಿ ಗಂಟೂ ಹೋಗಿದೆ. ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕಿ, ಬೆಳಿಗ್ಗೆ ಮೆಜೆಸ್ಟಿಕ್‌ಗೆ ಹೋಗಿ ತಗೋ ಅಂತ ಫೋನ್ ಮಾಡೋ ಅವ್ವಂದಿರು ಈಗಲೂ ಇದ್ದಾರೆ. ಸಾರಿಗೆ ಸಂಸ್ಥೆಯೇ 2021ರಲ್ಲಿ 'ನಮ್ಮ ಕಾರ್ಗೋ' ಶುರು ಮಾಡಿದ್ದರಿಂದ ಬಸ್ಸಿನ ಪಾರ್ಸೆಲ್‌ಗೆ ರಸೀದಿಯೂ ಸಿಗುತ್ತೆ. ಡಬ್ಬಿ ಸ್ಟೀಲಿನಿಂದ ಪ್ಲಾಸ್ಟಿಕ್‌ಗೆ ಬಂದಿರಬಹುದು. ನಡೆ ಅದೇ. ಕೆಡದ್ದು, ದಾರಿ ತಾಳೋದು, ಹೆಸರಿಟ್ಟು ಕಳಿಸಿದ್ದು.

ಹಾಗಾದ್ರೆ ನಾವೇನು ಮಾಡಬಹುದು? ಅಂಗಡಿಯ ಕರದಂಟು ತಗೊಳ್ಳಿ, ಧಾರಾಳವಾಗಿ ತಗೊಳ್ಳಿ. ಅದರಿಂದ ಒಂದು ಊರು ಬದುಕುತ್ತೆ. ಆದ್ರೆ ಕೊಡುವಾಗ ಹಳೇ ಡಬ್ಬಿಯ ಒಂದು ಗುಣ ಸೇರಿಸಿ. ಇದು ನಿನಗೇ ಅಂತ ಹೇಳಿ. ರೂಮಿನಲ್ಲಿ ಜ್ವರ ಬಂದು ಮಲಗಿದ ಗೆಳೆಯನಿಗೆ, ಹೆರಿಗೆ ಮುಗಿಸಿ ಕೆಲಸಕ್ಕೆ ವಾಪಸ್ ಬಂದ ಸಹೋದ್ಯೋಗಿಗೆ, ಹಿಂದೆ ಯಾರೂ ಉಡಿ ತುಂಬದೇ ಬಿಟ್ಟ ನಿಮ್ಮ ಮನೆಯ ಆ ಅತ್ತೆಗೆ. ಅವರಿಗೇನೂ ತಿರುಗಿ ಕೊಡೋಕೆ ಆಗದಿದ್ರೂ ನಡೆಯುತ್ತೆ.

ಇನ್ನೊಂದು ಕೆಲಸ, ಈ ವಾರವೇ ಮಾಡಿ. ಫೋನಿನಲ್ಲಿ ರೆಕಾರ್ಡರ್ ಆನ್ ಮಾಡಿಕೊಂಡು ಮನೆಯ ಹಿರಿಯ ಹೆಣ್ಣುಮಗಳಿಗೆ ಮೂರು ಪ್ರಶ್ನೆ ಕೇಳಿ. ಅಂಟಿನುಂಡಿ ಹೆಂಗ ಮಾಡ್ತಿದ್ರಿ? ಯಾರಿಗೆ ಮಾಡಿ ಕೊಟ್ರಿ? ನಿಮಗ ಯಾರು ಮಾಡಿ ಕೊಟ್ರು?

ಮೂರನೇ ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. ಉತ್ತರ ನಿಧಾನಕ್ಕೆ ಬರಬಹುದು. ಕೆಲವರಿಗೆ ಹೇಳೋಕೆ ಒಂದು ಹೆಸರೂ ಇಲ್ಲದಿರಬಹುದು. ಹಾಗೇನಾದ್ರೂ ಆದ್ರೆ, ಮುಂದಿನ ಸಲ ಊರಿಗೆ ಹೋಗುವಾಗ ಡಬ್ಬಿ ಯಾರಿಗೆ ಒಯ್ಯಬೇಕು ಅಂತ ನಿಮಗೆ ಗೊತ್ತಾಯ್ತು.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಬರ್ತೀನ್ರಿ.